ಪಾಚಿಗಳ ವರ್ಗೀಕರಣ: ಬಣ್ಣದಿಂದ ಪೊರೆಗಳವರೆಗೆ

ಕಡಲಿನಿಂದ ಆಗಷ್ಟೇ ತೆಗೆದ ಕಂದು ಪಾಚಿಯ ಒಂದು ಹಾಳೆಯನ್ನು ಕುದಿಯುವ ನೀರಿನಲ್ಲಿ ಅದ್ದಿದರೆ, ನೋಡುತ್ತಿದ್ದಂತೆಯೇ ಅದರ ಕಂದು ಬಣ್ಣ ಮಾಯವಾಗಿ ಇಡೀ ಹಾಳೆ ಎಳೆಯ ಸೊಪ್ಪಿನಂತೆ ಅಚ್ಚ ಹಸಿರಾಗುತ್ತದೆ. ಈ ಹಸಿರು ಹೊರಗಿನಿಂದ ಬಂದದ್ದಲ್ಲ, ಮೊದಲಿನಿಂದಲೂ ಒಳಗೇ ಇದ್ದದ್ದು. ಫ್ಯೂಕೋಜ್ಯಾಂಥಿನ್ ಎಂಬ ವರ್ಣದ್ರವ್ಯವು ಪ್ರೋಟೀನಿನ ಜೊತೆ ಹೆಣೆದುಕೊಂಡಿರುವಾಗ ಕಂದಾಗಿ ಕಂಡು ಪತ್ರಹರಿತ್ತಿನ ಹಸಿರನ್ನು ಮರೆಮಾಡುತ್ತದೆ. ಶಾಖಕ್ಕೆ ಆ ಹೆಣಿಗೆ ಸಡಿಲಗೊಂಡ ಕೂಡಲೇ ಮರೆಯಲ್ಲಿದ್ದ ಹಸಿರು ಮೇಲೆ ಬರುತ್ತದೆ. ಪಾಚಿಗಳನ್ನು ಕಂದು, ಕೆಂಪು, ಹಸಿರು ಎಂದು ವಿಂಗಡಿಸುವ ರೂಢಿ ಸುಮಾರು ಇನ್ನೂರು ವರ್ಷ ಹಳೆಯದು, ಶಾಲೆಯ ಪುಸ್ತಕಗಳಲ್ಲಿ ಇಂದಿಗೂ ಅದೇ ಇದೆ. ಆ ರೂಢಿ ಎಲ್ಲಿಯವರೆಗೆ ಸರಿ, ಎಲ್ಲಿ ಕೈಕೊಡುತ್ತದೆ, ಅದರ ಜೊತೆಗೆ ಇಂದು ವಿಜ್ಞಾನಿಗಳು ಇನ್ನೇನನ್ನು ನೋಡುತ್ತಾರೆ ಎಂಬುದನ್ನು ಅರಿತರೆ ಪಾಚಿಗಳ ವರ್ಗೀಕರಣವೆಂಬ ಸಿಕ್ಕು ಬಹುಮಟ್ಟಿಗೆ ಬಿಡಿಸಿಕೊಳ್ಳುತ್ತದೆ.

ಮೊದಲಿಗೆ ಹೆಸರಿನ ಮಾತು. ಆಡುಮಾತಿನಲ್ಲಿ ನಾವು ಪಾಚಿ ಎಂದಾಗ ನೀರಿನ ಮೇಲೆ ಕಟ್ಟುವ ಹಸಿರು ಪದರವೂ ಒದ್ದೆ ಗೋಡೆಯ ಮೇಲೆ ಮೆತ್ತಗೆ ಬೆಳೆಯುವ ಹಾವಸೆಯೂ ಅದರಲ್ಲಿ ಸೇರಿಬಿಡುತ್ತವೆ. ಗೋಡೆಯ ಮೇಲಿನ ಹಾವಸೆ ಹೆಚ್ಚಾಗಿ ನೆಲಸಸ್ಯಗಳ ಗುಂಪಿಗೆ ಸೇರಿದ್ದು, ಅದನ್ನು ಇಲ್ಲಿಗೆ ತರಬೇಕಾಗಿಲ್ಲ. ವಿಜ್ಞಾನದ ಬರಹಗಳಲ್ಲಿ ಶೈವಲ ಎಂದೂ ಕರೆಯಲಾಗುವ ಪಾಚಿಯ ಲಕ್ಷಣವನ್ನು ಹೇಳುವುದು ಕಷ್ಟ, ಏಕೆಂದರೆ ಅದು ಅರ್ಧಕ್ಕರ್ಧ ನಿಷೇಧದಿಂದಲೇ ಕೂಡಿದೆ: ಬೆಳಕಿನಿಂದ ಆಹಾರ ತಯಾರಿಸಿ ಆಮ್ಲಜನಕವನ್ನು ಬಿಡುಗಡೆ ಮಾಡುವ, ಆದರೆ ನೆಲಸಸ್ಯಗಳಿಗಿರುವಂಥ ನಿಜವಾದ ಬೇರು, ಕಾಂಡ, ಎಲೆಗಳಿಲ್ಲದ ಮತ್ತು ಭ್ರೂಣವನ್ನು ತಾಯಿಯ ಒಡಲೊಳಗೆ ಪೋಷಿಸದ ಜೀವಿಗಳೆಲ್ಲ ಪಾಚಿಗಳು. ಈ ಲಕ್ಷಣದೊಳಗೆ 0.6 ಮೈಕ್ರಾನ್ ಅಗಲದ ಪ್ರೋಕ್ಲೋರೋಕಾಕಸ್ ಎಂಬ ಸೂಕ್ಷ್ಮಜೀವಿ ಕೂಡ ಬರುತ್ತದೆ, 45 ಮೀಟರ್ ಉದ್ದ ಬೆಳೆಯಬಲ್ಲ ದೈತ್ಯ ಕೆಲ್ಪ್ ಎಂಬ ಕಂದು ಪಾಚಿ ಕೂಡ ಬರುತ್ತದೆ. 2012ರಲ್ಲಿ ಪ್ರಕಟವಾದ ಒಂದು ಎಚ್ಚರಿಕೆಯ ಅಂದಾಜಿನಂತೆ ಪಾಚಿಗಳ ಪ್ರಭೇದಗಳು ಸುಮಾರು 72,500. ಇಷ್ಟೊಂದು ಜೀವಿಗಳು ಒಂದೇ ಹೆಸರಿನಡಿ ಸೇರಿರುವುದು ಒಂದೇ ಪೂರ್ವಜನಿಂದ ಬಂದ ಕಾರಣಕ್ಕಲ್ಲ, ಒಂದೇ ಬಗೆಯಲ್ಲಿ ಬದುಕುವ ಕಾರಣಕ್ಕೆ. ಪಾಚಿ ಎಂಬುದು ಕುಲದ ಹೆಸರಲ್ಲ, ಕಸುಬಿನ ಹೆಸರು. ವರ್ಗೀಕರಣದ ಎಲ್ಲ ತೊಡಕುಗಳ ಬುಡದಲ್ಲಿರುವುದು ಇದೇ ಸಂಗತಿ.

ಬಣ್ಣ ಹೇಳುವುದು ಮತ್ತು ಬಣ್ಣ ಮುಚ್ಚಿಡುವುದು

ಕಾರ್ಲ್ ಲಿನಿಯಸ್ 1753ರಲ್ಲಿ ಸಸ್ಯಗಳನ್ನು ವಿಂಗಡಿಸುವಾಗ ಹೂ ಬಿಡದವುಗಳನ್ನೆಲ್ಲ ಒಂದು ವರ್ಗಕ್ಕೆ ಸೇರಿಸಿ, ಅದರೊಳಗೆ ಜರೀಗಿಡಗಳು, ಹಾವಸೆಗಳು, ಪಾಚಿಗಳು, ಶಿಲೀಂಧ್ರಗಳು ಎಂಬ ನಾಲ್ಕು ಪಂಗಡಗಳನ್ನು ಮಾಡಿದನು. ಅವನ ಪಾಚಿಗಳ ಪಂಗಡದಲ್ಲಿ ಕಲ್ಲುಹೂಗಳೂ ಇದ್ದವು. ಮೈಯಲ್ಲಿ ಸುಣ್ಣ ತುಂಬಿಕೊಂಡು ಕಲ್ಲಿನಂತೆ ಗಟ್ಟಿಯಾಗುವ ಕೋರಲೈನ್ ಎಂಬ ಕೆಂಪು ಪಾಚಿಯನ್ನಾದರೋ ಅವನು 1758ರಲ್ಲಿ ಪ್ರಾಣಿಗಳ ನಡುವೆ ಇರಿಸಿದನು. ಹೊರನೋಟವೊಂದನ್ನೇ ನಂಬಿದರೆ ಅಂಥ ಪ್ರಮಾದ ಆಗದಿರುವುದೇ ಕಷ್ಟ. ಬಣ್ಣವನ್ನು ಆಧಾರವಾಗಿ ಹಿಡಿದು ನೆಲೆ ನಿಲ್ಲುವ ವಿಂಗಡಣೆಯನ್ನು ಕೊಟ್ಟವನು ಐರ್ಲೆಂಡಿನ ಸಸ್ಯವಿಜ್ಞಾನಿ ವಿಲಿಯಂ ಹೆನ್ರಿ ಹಾರ್ವೆ. 1836ರಲ್ಲಿ ಅವನು ಪಾಚಿಗಳನ್ನು ಕಂದು, ಕೆಂಪು, ಹಸಿರು ಮತ್ತು ಗಾಜಿನಂಥ ಕವಚವಿರುವ ಒಂಟಿ ಕೋಶದ ಡಯಾಟಮ್ ಎಂದು ನಾಲ್ಕಾಗಿ ಒಡೆದನು. ವರ್ಣದ್ರವ್ಯಗಳ ರಾಸಾಯನಿಕ ರಚನೆ ಯಾರಿಗೂ ತಿಳಿಯದಿದ್ದ ಆ ಕಾಲದಲ್ಲಿ ಮಾಡಿದ ಈ ವಿಂಗಡಣೆ ಬಹುಪಾಲು ಸರಿಯಾಗಿತ್ತು ಎಂಬುದು ನನಗೆ ಇಂದಿಗೂ ಬೆರಗಿನ ಸಂಗತಿ.

ಅದು ಸರಿಹೊಂದಿದ್ದಕ್ಕೆ ಕಾರಣವಿದೆ. ಆಮ್ಲಜನಕ ಬಿಡುವ ಪಾಚಿಗಳಲ್ಲೆಲ್ಲ ಪತ್ರಹರಿತ್ತು 'ಎ' ಒಂದಲ್ಲ ಒಂದು ರೂಪದಲ್ಲಿ ಇದ್ದೇ ಇರುತ್ತದೆ. ಅದರ ಜೊತೆಗೆ ಕೆಲಸ ಮಾಡುವ ಸಹಾಯಕ ವರ್ಣದ್ರವ್ಯಗಳು ಮಾತ್ರ ಗುಂಪಿನಿಂದ ಗುಂಪಿಗೆ ಬೇರೆಯಾಗುತ್ತವೆ. ಹಸಿರು ಪಾಚಿಗಳಲ್ಲಿ ಅದರ ಜೊತೆ ಪತ್ರಹರಿತ್ತು 'ಬಿ' ಇರುತ್ತದೆ, ನೆಲದ ಮೇಲಿನ ಗಿಡಮರಗಳಲ್ಲಿ ಇರುವುದೂ ಇದೇ ಜೋಡಿ. ಕಂದು ಪಾಚಿ ಮತ್ತು ಡಯಾಟಮ್‌ಗಳಲ್ಲಿ ಪತ್ರಹರಿತ್ತು 'ಸಿ' ಹಾಗೂ ಫ್ಯೂಕೋಜ್ಯಾಂಥಿನ್ ಇರುತ್ತವೆ. ಕೆಂಪು ಪಾಚಿಗಳಲ್ಲಿ ಫೈಕೋಎರಿಥ್ರಿನ್ ಮತ್ತು ಫೈಕೋಸಯನಿನ್ ಎಂಬ, ನೀರಿನಲ್ಲಿ ಕರಗುವ ವರ್ಣಪ್ರೋಟೀನುಗಳಿರುತ್ತವೆ. ನೀರಿನೊಳಗೆ ಆಳಕ್ಕೆ ಹೋದಂತೆ ಕೆಂಪು ಬೆಳಕು ಬೇಗ ಕ್ಷೀಣಿಸಿ ನೀಲಿ ಹಾಗೂ ನೀಲಿ-ಹಸಿರು ಬೆಳಕು ಮಾತ್ರ ಉಳಿಯುತ್ತದೆ. ಆ ಉಳಿದ ಬೆಳಕನ್ನು ಹಿಡಿಯುವುದರಲ್ಲಿ ಫೈಕೋಎರಿಥ್ರಿನ್ ನಿಪುಣ. ಬಹಾಮಾಸ್ ದ್ವೀಪಗಳ ಬಳಿ 268 ಮೀಟರ್ ಆಳದಲ್ಲಿ, ಮೇಲ್ಮೈಯ ಬೆಳಕಿನ ಅತ್ಯಲ್ಪ ಅಂಶ ಮಾತ್ರ ತಲುಪುವಲ್ಲಿ, ಬಂಡೆಗೆ ಅಂಟಿಕೊಂಡು ಬದುಕಿದ್ದ ಪಾಚಿ ಕೋರಲೈನ್ ಬಗೆಯ ಕೆಂಪು ಪಾಚಿಯೇ ಆಗಿತ್ತು. ಹೀಗೆ ಬಣ್ಣವೆಂಬುದು ಬರಿಯ ಅಲಂಕಾರವಲ್ಲ, ಜೀವಕೋಶದೊಳಗಿನ ಬೆಳಕು ಹಿಡಿಯುವ ಯಂತ್ರದ ಗುರುತು.

ಆದರೆ ಆ ಗುರುತು ಅಳಿಸಿಹೋಗಬಹುದು, ಬೇರೆ ಬಣ್ಣದಡಿ ಹೂತೂ ಹೋಗಬಹುದು. ಮರದ ತೊಗಟೆ, ಕಲ್ಲುಗಳ ಮೇಲೆ ಕಿತ್ತಳೆ ಬಣ್ಣದ ಮಖಮಲ್ಲಿನಂತೆ ಹರಡುವ ಟ್ರೆಂಟಿಪೋಲಿಯಾ, ಪರ್ವತಗಳ ಹಿಮವನ್ನು ಕೆಂಪಾಗಿಸುವ ಹಿಮಪಾಚಿ, ಇವೆರಡೂ ವಂಶದಿಂದ ಹಸಿರು ಪಾಚಿಗಳು. ಕ್ಯಾರೊಟಿನಾಯ್ಡ್ ಬಗೆಯ ವರ್ಣದ್ರವ್ಯಗಳು ಕೋಶದೊಳಗೆ ರಾಶಿಗೂಡಿ ಹಸಿರನ್ನು ಮುಚ್ಚಿರುತ್ತವೆ, ಅಷ್ಟೆ. ಪ್ರೋಟೋಥೀಕಾ ಎಂಬ ಹಸಿರು ಪಾಚಿಯಂತೂ ಬೆಳಕಿನಿಂದ ಆಹಾರ ತಯಾರಿಸುವುದನ್ನೇ ಬಿಟ್ಟು ಬಣ್ಣಗೆಟ್ಟು, ದನಗಳ ಕೆಚ್ಚಲಿನಲ್ಲೂ ಅಪರೂಪಕ್ಕೆ ಮನುಷ್ಯರಲ್ಲೂ ಸೋಂಕು ತರುವ ಜೀವಿಯಾಗಿದೆ. ಬಣ್ಣವನ್ನಷ್ಟೇ ನೋಡುವವರು ಇದನ್ನು ಪಾಚಿ ಎಂದು ಗುರುತಿಸಲಾರರು.

ಅಯೋಡಿನ್ ಹನಿ, ಕಶಾಂಗ, ಮತ್ತು ಹನ್ನೊಂದು ವರ್ಗಗಳು

ಆದ್ದರಿಂದ ಎರಡನೆಯ ಪರೀಕ್ಷೆಯೊಂದು ಬೇಕಾಯಿತು: ಜೀವಕೋಶ ತನ್ನ ಉಳಿತಾಯದ ಆಹಾರವನ್ನು ಯಾವ ರೂಪದಲ್ಲಿ, ಎಲ್ಲಿ ಕೂಡಿಡುತ್ತದೆ? ಇದನ್ನು ಸಾಮಾನ್ಯ ಸೂಕ್ಷ್ಮದರ್ಶಕದಡಿಯಲ್ಲೇ ನೋಡಬಹುದು. ಕೆರೆಯ ನೀರಿನಿಂದ ತೆಗೆದ ಸ್ಪೈರೋಗೈರಾದ ಜಾರುವ ಎಳೆಯೊಂದನ್ನು ಗಾಜಿನ ಮೇಲಿಟ್ಟರೆ ಪ್ರತಿ ಕೋಶದೊಳಗೂ ಬೆಳಕಿನಿಂದ ಆಹಾರ ತಯಾರಿಸುವ ಅಂಗವಾದ ಕ್ಲೋರೋಪ್ಲಾಸ್ಟ್ ಹಸಿರು ರಿಬ್ಬನ್ನಿನಂತೆ ಸುರುಳಿ ಸುತ್ತಿಕೊಂಡಿರುವುದೂ, ಆ ರಿಬ್ಬನ್ನಿನುದ್ದಕ್ಕೂ ಮಣಿಗಳಂಥ ಚುಕ್ಕೆಗಳಿರುವುದೂ ಕಾಣುತ್ತದೆ. ಗಾಜಿನ ಅಂಚಿನಿಂದ ಒಂದು ಹನಿ ಅಯೋಡಿನ್ ದ್ರಾವಣ ಹರಿಯಬಿಟ್ಟರೆ ಆ ಮಣಿಗಳು ಒಂದೊಂದಾಗಿ ಕಪ್ಪು-ನೀಲಿಗೆ ತಿರುಗುತ್ತವೆ. ಅವುಗಳ ಸುತ್ತ ಪಿಷ್ಟ ತುಂಬಿರುವುದೇ ಇದಕ್ಕೆ ಕಾರಣ. ಅದೇ ಹನಿಯಲ್ಲಿ ತೇಲುತ್ತಿರುವ ಹೊಂಬಣ್ಣದ ಡಯಾಟಮ್‌ಗಳಲ್ಲಿ ಈ ಕಪ್ಪು-ನೀಲಿ ಹುಟ್ಟುವುದೇ ಇಲ್ಲ, ಅವು ಕೂಡಿಡುವುದು ಕ್ರೈಸೋಲ್ಯಾಮಿನರಿನ್ ಮತ್ತು ಎಣ್ಣೆಯನ್ನು. ಯೂಗ್ಲಿನಾ ಎಂಬ ಒಂಟಿ ಕೋಶದ ಜೀವಿ ಬಣ್ಣದಲ್ಲಿ ಸ್ಪೈರೋಗೈರಾದಷ್ಟೇ ಹಸಿರು, ಅದರಲ್ಲಿಯೂ ಪತ್ರಹರಿತ್ತು 'ಎ' ಮತ್ತು 'ಬಿ' ಇವೆ, ಆದರೂ ಅದರ ಆಹಾರದ ಕಣಗಳು ಅಯೋಡಿನ್ನಿಗೆ ಜಗ್ಗುವುದಿಲ್ಲ, ಏಕೆಂದರೆ ಅವು ಪ್ಯಾರಮೈಲಮ್ ಎಂಬ ಬೇರೆಯೇ ವಸ್ತು. ಕೆಂಪು ಪಾಚಿಗಳು ಪಿಷ್ಟವನ್ನೇ ಹೋಲುವ ವಸ್ತುವನ್ನು ಕೂಡಿಟ್ಟರೂ ಕ್ಲೋರೋಪ್ಲಾಸ್ಟಿನ ಒಳಗಲ್ಲದೆ ಹೊರಗೆ, ಕೋಶದ್ರವದಲ್ಲಿ ಇಡುತ್ತವೆ. ಒಂದೇ ಹನಿ ಅಯೋಡಿನ್, ಬಣ್ಣ ಹೇಳದೆ ಉಳಿಸಿದ್ದ ಎಷ್ಟೋ ಸಂಗತಿಗಳನ್ನು ಹೊರಗೆ ತರುತ್ತದೆ.

ವೌಚೀರಿಯಾ ಎಂಬ ಪಾಚಿಯ ಕತೆ ಇಲ್ಲಿ ಹೇಳತಕ್ಕದ್ದು. ಒದ್ದೆ ಮಣ್ಣಿನ ಮೇಲೆ ಕಡು ಹಸಿರು ಜಮಖಾನದಂತೆ ಹರಡುವ ಇದು, ಅಡ್ಡಗೋಡೆಗಳಿಲ್ಲದ ಕೊಳವೆಯಂಥ ಎಳೆಗಳಿಂದಾದದ್ದು; ಕಣ್ಣಿಗೆ ಇದಕ್ಕಿಂತ ಹಸಿರಾದ ಪಾಚಿ ಸಿಗದು. ಬಹುಕಾಲ ಇದನ್ನು ಹಸಿರು ಪಾಚಿಗಳ ಸಾಲಿನಲ್ಲಿಯೇ ಇಟ್ಟಿದ್ದರು. ಆದರೆ ಇದರಲ್ಲಿ ಪಿಷ್ಟವಿಲ್ಲ, ಎಣ್ಣೆಯ ಹನಿಗಳಿವೆ. ಪತ್ರಹರಿತ್ತು 'ಬಿ' ಇಲ್ಲ. ಇದರ ಗಂಡು ಕೋಶಗಳಿಗಿರುವ ಎರಡು ಕಶಾಂಗಗಳು ಒಂದರಂತೆ ಇನ್ನೊಂದಿಲ್ಲ. ಈ ಮೂರೂ ಸಾಕ್ಷ್ಯಗಳು ಒಂದೇ ಕಡೆಗೆ ಬೆರಳು ಮಾಡಿದಾಗ ವೌಚೀರಿಯಾವನ್ನು ಹಳದಿ-ಹಸಿರು ಪಾಚಿಗಳ ಗುಂಪಿಗೆ ವರ್ಗಾಯಿಸಲಾಯಿತು. ಹಾಗೆ ವರ್ಗಾಯಿಸಿದ ಮೇಲೆ ಅದು ಸ್ಪೈರೋಗೈರಾಕ್ಕಿಂತ ದೈತ್ಯ ಕೆಲ್ಪಿಗೆ ಹತ್ತಿರದ ನೆಂಟನಾಯಿತು.

ಕಶಾಂಗವೆಂದರೆ ಕೋಶವನ್ನು ನೀರಿನಲ್ಲಿ ಈಜಿಸುವ ಚಾವಟಿಯಂಥ ಎಳೆ. ಅದರ ಸಂಖ್ಯೆ, ಉದ್ದ, ಅದು ಹೊರಡುವ ಸ್ಥಳ, ಅದರ ಮೇಲೆ ರೋಮಗಳಿವೆಯೇ ಇಲ್ಲವೇ ಎಂಬುದು ಮೇಲುನೋಟಕ್ಕೆ ಕ್ಷುಲ್ಲಕವೆನಿಸಿದರೂ ವಂಶದ ಗುರುತಾಗಿ ಬಣ್ಣಕ್ಕಿಂತ ಹೆಚ್ಚು ಗಟ್ಟಿ. ಜೀವಿ ತನ್ನ ಬಣ್ಣವನ್ನೇ ಕಳೆದುಕೊಂಡರೂ ಕಶಾಂಗದ ವಿನ್ಯಾಸ ಸುಲಭಕ್ಕೆ ಬದಲಾಗದು. ಹಸಿರು ಪಾಚಿಗಳಲ್ಲಿ ಸಾಮಾನ್ಯವಾಗಿ ಸಮನಾದ ಎರಡು ಅಥವಾ ನಾಲ್ಕು ನುಣುಪಾದ ಕಶಾಂಗಗಳಿರುತ್ತವೆ. ಕೆಂಪು ಪಾಚಿಗಳಲ್ಲಿ ಜೀವನದ ಯಾವ ಹಂತದಲ್ಲೂ, ಗಂಡು ಕೋಶಗಳಲ್ಲೂ ಸಹ, ಕಶಾಂಗವೇ ಇಲ್ಲ. ಕಂದು ಪಾಚಿಗಳ ಈಜುವ ಕೋಶಗಳಲ್ಲಿ ಒಂದು ಉದ್ದದ, ರೋಮಗಳಿರುವ ಕಶಾಂಗ ಮುಂದಕ್ಕೂ ಇನ್ನೊಂದು ಗಿಡ್ಡ, ನುಣುಪು ಕಶಾಂಗ ಹಿಂದಕ್ಕೂ ಚಾಚಿರುತ್ತವೆ.

ಬ್ರಿಟನ್ನಿನ ಫೆಲಿಕ್ಸ್ ಯೂಜೀನ್ ಫ್ರಿಷ್ ಪಾಚಿಗಳ ಕುರಿತ ತನ್ನ ಗ್ರಂಥದ ಮೊದಲ ಸಂಪುಟವನ್ನು 1935ರಲ್ಲೂ ಎರಡನೆಯದನ್ನು 1945ರಲ್ಲೂ ಪ್ರಕಟಿಸಿ, ವರ್ಣದ್ರವ್ಯ, ಕೂಡಿಟ್ಟ ಆಹಾರ, ಕಶಾಂಗ, ದೇಹರಚನೆ, ಸಂತಾನೋತ್ಪತ್ತಿ ಇವೆಲ್ಲವನ್ನೂ ಒಟ್ಟಿಗೆ ತೂಗಿ ಪಾಚಿಗಳನ್ನು ಹನ್ನೊಂದು ವರ್ಗಗಳಾಗಿ ವಿಂಗಡಿಸಿದನು. ಭಾರತದ ಪಾಚಿವಿಜ್ಞಾನಿ ಎಂ. ಒ. ಪಿ. ಅಯ್ಯಂಗಾರ್ ತಾವು 1932ರಲ್ಲಿ ವಿವರಿಸಿದ, ತೇವದ ಮಣ್ಣಿನಲ್ಲಿ ಬೆಳೆಯುವ ಹಸಿರು ಪಾಚಿಯೊಂದಕ್ಕೆ ಫ್ರಿಷಿಯೆಲ್ಲಾ ಎಂದು ಹೆಸರಿಟ್ಟದ್ದು ಇದೇ ವಿದ್ವಾಂಸನ ಗೌರವಾರ್ಥ. ಫ್ರಿಷ್‌ನ ಹನ್ನೊಂದು ವರ್ಗಗಳು ಕಾಲೇಜಿನ ಪಾಠಗಳಲ್ಲಿ ಇನ್ನೂ ಬಾಳುತ್ತಿವೆ. ಅವನು ಒಂದೇ ಲಕ್ಷಣಕ್ಕೆ ಜೋತುಬೀಳದೆ ಹಲವನ್ನು ಒಟ್ಟಿಗೆ ಪರಿಗಣಿಸಿದ್ದರಿಂದ ಅವನ ವರ್ಗಗಳಲ್ಲಿ ಹೆಚ್ಚಿನವು ಇಂದಿಗೂ ಅರ್ಥವುಳ್ಳ ಗುಂಪುಗಳೇ. ಅವನಿಗೆ ಸಿಗದಿದ್ದುದು ಒಂದೇ: ಈ ಹನ್ನೊಂದು ವರ್ಗಗಳಿಗೆ ಪರಸ್ಪರ ಏನು ಸಂಬಂಧ ಎಂಬ ಪ್ರಶ್ನೆಗೆ ಉತ್ತರ. ಯೂಗ್ಲಿನಾ ಬೆಳಕಿನಲ್ಲಿ ಸಸ್ಯದಂತೆ ಬದುಕಿ ಕತ್ತಲಲ್ಲಿ ನೀರಿನ ಪೋಷಕಾಂಶಗಳನ್ನು ಹೀರಿ ಬದುಕುತ್ತದೆ, ಕೋಶಭಿತ್ತಿ ಇಲ್ಲದ ಮೈಯನ್ನು ಹಿಗ್ಗಿಸಿ ಕುಗ್ಗಿಸಿ ತೆವಳುತ್ತದೆ. ಸಸ್ಯವಿಜ್ಞಾನಿಗಳೂ ಪ್ರಾಣಿವಿಜ್ಞಾನಿಗಳೂ ಅದನ್ನು ತಮ್ಮದೆಂದೇ ಬರೆದುಕೊಂಡಿದ್ದರು. ಅದು ನಿಜಕ್ಕೂ ಯಾರ ಬಂಧು ಎಂಬುದಕ್ಕೆ ಉತ್ತರ ಬಂದದ್ದು ಕ್ಲೋರೋಪ್ಲಾಸ್ಟಿನ ಸುತ್ತಲಿನ ಪೊರೆಗಳಿಂದ ಮತ್ತು ಡಿಎನ್‌ಎಯಿಂದ.

ಪೊರೆಗಳನ್ನು ಎಣಿಸುವುದು

ಕ್ಲೋರೋಪ್ಲಾಸ್ಟುಗಳು ತಾವೇ ಒಡೆದು ಎರಡಾಗುವುದನ್ನು ಗಮನಿಸಿದ ಜರ್ಮನಿಯ ಆಂಡ್ರಿಯಾಸ್ ಶಿಂಪರ್ 1883ರಲ್ಲಿಯೇ, ಇವು ಒಂದು ಕಾಲದಲ್ಲಿ ಸ್ವತಂತ್ರ ಜೀವಿಗಳಾಗಿದ್ದಿರಬಹುದೆಂದು ಸೂಚಿಸಿದ್ದನು. 1905ರಲ್ಲಿ ರಷ್ಯಾದ ಕಾನ್‌ಸ್ಟಾಂಟಿನ್ ಮೆರೆಶ್ಕೋವ್‌ಸ್ಕಿ ಈ ವಿಚಾರವನ್ನು ಸಿದ್ಧಾಂತವಾಗಿ ಬೆಳೆಸಿದನು. ಅರ್ಧ ಶತಮಾನಕ್ಕೂ ಮಿಕ್ಕಿ ಅದನ್ನು ಹೆಚ್ಚಿನವರು ಕಿವಿಗೆ ಹಾಕಿಕೊಳ್ಳಲಿಲ್ಲ. 1967ರಲ್ಲಿ ಅಮೆರಿಕದ ಜೀವವಿಜ್ಞಾನಿ ಲಿನ್ ಮಾರ್ಗುಲಿಸ್ ಹೊಸ ಸಾಕ್ಷ್ಯಗಳೊಂದಿಗೆ ಅದನ್ನು ಮತ್ತೆ ಮುಂದಿಟ್ಟ ಬಳಿಕ, ಕ್ಲೋರೋಪ್ಲಾಸ್ಟಿನ ಡಿಎನ್‌ಎಯನ್ನು ಓದಲು ಸಾಧ್ಯವಾದ ಬಳಿಕ, ಸಂದೇಹ ಉಳಿಯಲಿಲ್ಲ. ನೂರು ಕೋಟಿ ವರ್ಷಗಳಿಗೂ ಹಿಂದೆ, ಇತರ ಜೀವಿಗಳನ್ನು ತಿಂದು ಬದುಕುತ್ತಿದ್ದ ಒಂದು ಕೋಶ, ನೀಲಿ-ಹಸಿರು ಪಾಚಿ ಎಂದೂ ಕರೆಯಲಾಗುವ ಸಯನೋಬ್ಯಾಕ್ಟೀರಿಯಾವೊಂದನ್ನು ನುಂಗಿತು. ನುಂಗಿದ್ದು ಜೀರ್ಣವಾಗದೆ ಒಳಗೇ ಉಳಿದು, ತಲೆಮಾರುಗಳು ಉರುಳಿದಂತೆ ತನ್ನ ವಂಶವಾಹಿಗಳಲ್ಲಿ ಬಹುಪಾಲನ್ನು ಆಶ್ರಯ ಕೊಟ್ಟ ಕೋಶದ ಕೋಶಕೇಂದ್ರಕ್ಕೆ ಒಪ್ಪಿಸಿ, ಅದರ ಅಂಗವೇ ಆಗಿಬಿಟ್ಟಿತು. ಅದೇ ಮೊದಲ ಕ್ಲೋರೋಪ್ಲಾಸ್ಟ್. ಅದರ ಸುತ್ತ ಎರಡು ಪೊರೆಗಳಿವೆ. ಸಯನೋಬ್ಯಾಕ್ಟೀರಿಯಾಕ್ಕೆ ಮೊದಲಿನಿಂದ ಇದ್ದದ್ದೂ ಎರಡೇ.

ಈ ಎರಡು ಪೊರೆಗಳ ಕ್ಲೋರೋಪ್ಲಾಸ್ಟ್ ಇರುವ ಗುಂಪುಗಳು ಮೂರು: ಗ್ಲಾಕೋಫೈಟ್‌ಗಳು, ಕೆಂಪು ಪಾಚಿಗಳು ಮತ್ತು ಹಸಿರು ಪಾಚಿಗಳು. ನೆಲದ ಸಸ್ಯಗಳು ಈ ಹಸಿರು ಶಾಖೆಯ ಕವಲು. ಗ್ಲಾಕೋಫೈಟ್‌ಗಳು ಸಿಹಿನೀರಿನಲ್ಲಿ ಬದುಕುವ ಕೆಲವೇ ಪ್ರಭೇದಗಳ ಸಣ್ಣ ಗುಂಪಾದರೂ ಅವುಗಳ ಬೆಲೆ ಸಣ್ಣದಲ್ಲ: ಅವುಗಳ ಕ್ಲೋರೋಪ್ಲಾಸ್ಟಿನ ಎರಡು ಪೊರೆಗಳ ನಡುವೆ ಬ್ಯಾಕ್ಟೀರಿಯಾಗಳ ಕೋಶಭಿತ್ತಿಯಲ್ಲಿರುವ ಪೆಪ್ಟಿಡೋಗ್ಲೈಕಾನ್ ಇನ್ನೂ ಉಳಿದಿದೆ. ನುಂಗಿಸಿಕೊಂಡ ಬ್ಯಾಕ್ಟೀರಿಯಾದ ಹಳೆಯ ಅಂಗಿಯೊಂದು ಕಳಚದೆ ಉಳಿದಂತೆ ಅದು.

ಕೆಂಪು ಪಾಚಿಗಳ ಪ್ರಭೇದಗಳು ಸುಮಾರು 7,000, ಹೆಚ್ಚಿನವು ಕಡಲಿನವು. ಪ್ರಯೋಗಾಲಯಗಳಲ್ಲಿ ಬ್ಯಾಕ್ಟೀರಿಯಾ ಬೆಳೆಸಲು ಬಳಸುವ ಅಗರ್ ಬರುವುದು ಇವುಗಳಿಂದಲೇ. ಕೆನಡಾದ ಉತ್ತರದ ಬಂಡೆಗಳಲ್ಲಿ ದೊರೆತ, ಸುಮಾರು 105 ಕೋಟಿ ವರ್ಷ ಹಳೆಯದಾದ ಬ್ಯಾಂಜಿಯೋಮಾರ್ಫಾ ಎಂಬ ಪಳೆಯುಳಿಕೆಯನ್ನು ಇಂದಿನ ಕೆಂಪು ಪಾಚಿ ಬ್ಯಾಂಜಿಯಾದೊಂದಿಗೆ ಹೋಲಿಸಿ ಈ ಗುಂಪಿನ ಪ್ರಾಚೀನತೆಯನ್ನು ಅಳೆಯಲಾಗಿದೆ. ಇವುಗಳ ವರ್ಗೀಕರಣದಲ್ಲಿ ಬಣ್ಣಕ್ಕೂ ಪೊರೆಗೂ ಸಂಬಂಧಿಸದ ಮತ್ತೊಂದು ತೊಡಕು ಇದೆ. ಹಲವು ಕೆಂಪು ಪಾಚಿಗಳ ಜೀವನಚಕ್ರದಲ್ಲಿ ಮೂರು ಹಂತಗಳಿದ್ದು, ಒಂದು ಹಂತ ಇನ್ನೊಂದನ್ನು ಕಿಂಚಿತ್ತೂ ಹೋಲದಿರಬಹುದು. ಕಪ್ಪೆಚಿಪ್ಪುಗಳನ್ನು ಕೊರೆದು ಒಳಗೆ ಬೆಳೆಯುವ ನಸುಗೆಂಪು ಎಳೆಗಳನ್ನು ಕಾಂಕೋಸೆಲಿಸ್ ಎಂಬ ಪ್ರತ್ಯೇಕ ಪಾಚಿಯೆಂದೇ ವಿಜ್ಞಾನಿಗಳು ದಾಖಲಿಸಿದ್ದರು. 1949ರಲ್ಲಿ ಬ್ರಿಟನ್ನಿನ ಕ್ಯಾಥ್ಲೀನ್ ಡ್ರೂ-ಬೇಕರ್ ಅವರು ಪಾರ್ಫೈರಾ ಎಂಬ ಹಾಳೆಯಂಥ ಪಾಚಿಯ ಬೀಜಕಗಳನ್ನು ಚಿಪ್ಪುಗಳ ಮೇಲೆ ಬೆಳೆಸಿದಾಗ, ಅವು ಚಿಪ್ಪನ್ನು ಕೊರೆದು ಕಾಂಕೋಸೆಲಿಸ್ ಎಳೆಗಳೇ ಆದವು. ಎರಡು ಹೆಸರಿನ ಎರಡು ಜೀವಿಗಳೆಂದು ನಂಬಿದ್ದದ್ದು ಒಂದೇ ಜೀವಿಯ ಎರಡು ವಯಸ್ಸುಗಳು. ಜಪಾನಿನಲ್ಲಿ ಆಹಾರಕ್ಕಾಗಿ ಈ ಪಾಚಿಯನ್ನು ಬೆಳೆಯುವವರು ಅಲ್ಲಿಯವರೆಗೆ ಬೀಜ ಎಲ್ಲಿಂದ ಬರುತ್ತದೆಂದೇ ತಿಳಿಯದೆ ಕಡಲನ್ನು ನಂಬಿ ಕೂರಬೇಕಿತ್ತು. ಈ ಸಂಶೋಧನೆಯ ನಂತರ ಅವರು ಚಿಪ್ಪುಗಳಲ್ಲಿಯೇ ಬೀಜಕ ಬೆಳೆಸಿಕೊಳ್ಳಲು ಕಲಿತರು. ವರ್ಗೀಕರಣ ಕೇವಲ ಹೆಸರಿಡುವ ಕೆಲಸ ಎನ್ನುವವರಿಗೆ ನಾನು ತೋರಿಸುವುದು ಈ ಉದಾಹರಣೆಯನ್ನೇ.

ಹಸಿರು ಪಾಚಿಗಳಲ್ಲಿ ಒಂಟಿ ಕೋಶದ ಕ್ಲಮೈಡೋಮೊನಾಸ್, ನೂರಾರು ಇಲ್ಲವೇ ಸಾವಿರಾರು ಕೋಶಗಳು ಚೆಂಡಿನಂತೆ ಕೂಡಿ ಉರುಳುವ ವಾಲ್ವಾಕ್ಸ್, ಹಾಳೆಯಂಥ ಅಲ್ವಾ, ಇಡೀ ದೇಹವೇ ಒಂದು ಕೋಶವಾಗಿರುವ ಕಾಲರ್ಪಾ ಹೀಗೆ ಎಲ್ಲ ರೂಪಗಳೂ ಇವೆ. ಹಳೆಯ ಪದ್ಧತಿಯಲ್ಲಿ ಎಳೆಯಂಥವನ್ನು ಒಂದು ಕಡೆ, ಹಾಳೆಯಂಥವನ್ನು ಇನ್ನೊಂದು ಕಡೆ ಇಡುತ್ತಿದ್ದರು. 1960-70ರ ದಶಕಗಳಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಕೋಶ ಒಡೆಯುವ ಬಗೆಯನ್ನು ನೋಡಿದಾಗ ಗೆರೆ ಬೇರೆಯೇ ಕಡೆ ಬಿತ್ತು. ಕೋಶ ಎರಡಾಗುವಾಗ ನಡುವೆ ಹೊಸ ಗೋಡೆ ಕಟ್ಟಲು ನೆರವಾಗುವ ಸೂಕ್ಷ್ಮನಳಿಕೆಗಳು ಕ್ಲಮೈಡೋಮೊನಾಸ್ ಮತ್ತು ಅದರ ಬಳಗದಲ್ಲಿ ಆ ಗೋಡೆಗೆ ಸಮಾನಾಂತರವಾಗಿ ಮಲಗಿರುತ್ತವೆ. ಕಾರಾ, ಕೋಲಿಯೋಕೀಟ್ ಎಂಬ ಹಸಿರು ಪಾಚಿಗಳಲ್ಲಿ ಗೋಡೆಗೆ ಲಂಬವಾಗಿ ನಿಂತಿರುತ್ತವೆ, ಗಿಡಮರಗಳ ಕೋಶಗಳಲ್ಲೂ ಹಾಗೆಯೇ. ಡಿಎನ್‌ಎಯ ಸಾಕ್ಷ್ಯವೂ ಇದಕ್ಕೆ ಕೂಡಿಬಂದು ಹಸಿರು ಪಾಚಿಗಳು ಎರಡು ದೊಡ್ಡ ಶಾಖೆಗಳಾದವು: ಒಂದು ಕ್ಲೋರೋಫೈಟಾ, ಇನ್ನೊಂದು ಸ್ಟ್ರೆಪ್ಟೋಫೈಟಾ. ಎರಡನೆಯ ಶಾಖೆಯಿಂದಲೇ ಸುಮಾರು 47 ಕೋಟಿ ವರ್ಷಗಳ ಹಿಂದೆ ನೆಲಸಸ್ಯಗಳು ಹುಟ್ಟಿದವು. ಅವುಗಳಿಗೆ ಅತಿ ಹತ್ತಿರದ ಬಂಧು, ರೂಪದಲ್ಲಿ ಗಿಡದಂತೆಯೇ ಕಾಣುವ ಕಾರಾ ಅಲ್ಲ, ಸ್ಪೈರೋಗೈರಾ ಸೇರಿರುವ ಸರಳ ಎಳೆಗಳ ಗುಂಪು ಎಂದು ಇತ್ತೀಚಿನ ಜೀನೋಮ್ ಅಧ್ಯಯನಗಳು ಹೇಳುತ್ತವೆ.

ನುಂಗಿದ್ದನ್ನು ನುಂಗಿದವು

ಉಳಿದ ಗುಂಪುಗಳ ಕ್ಲೋರೋಪ್ಲಾಸ್ಟಿನ ಸುತ್ತ ಎರಡಲ್ಲ, ಮೂರು ಅಥವಾ ನಾಲ್ಕು ಪೊರೆಗಳಿವೆ. ಕಾರಣವಿಷ್ಟೆ: ಅವು ಸಯನೋಬ್ಯಾಕ್ಟೀರಿಯಾವನ್ನು ನುಂಗಲಿಲ್ಲ, ಅದನ್ನು ಅದಾಗಲೇ ನುಂಗಿ ತನ್ನ ಅಂಗವಾಗಿಸಿಕೊಂಡಿದ್ದ ಕೆಂಪು ಅಥವಾ ಹಸಿರು ಪಾಚಿಯೊಂದನ್ನು ಇಡಿಯಾಗಿ ನುಂಗಿದವು. ಹೀಗಾದಾಗ ಒಳಗಿನ ಎರಡು ಪೊರೆಗಳು ಮೂಲ ಕ್ಲೋರೋಪ್ಲಾಸ್ಟಿನವು, ಅದರಾಚೆಯದು ನುಂಗಿಸಿಕೊಂಡ ಪಾಚಿಯ ಹೊರಪೊರೆ, ಎಲ್ಲಕ್ಕಿಂತ ಹೊರಗಿನದು ನುಂಗಿದ ಕೋಶದ್ದು ಎಂದು ಲೆಕ್ಕ ಹಾಕಬಹುದು. ಇದು ಬರಿಯ ಊಹೆಯಲ್ಲ ಎಂಬುದಕ್ಕೆ ಕ್ರಿಪ್ಟೋಫೈಟ್ ಎಂಬ ಸಣ್ಣ ಪಾಚಿಗಳ ಗುಂಪು ಸಾಕ್ಷಿ. ಅವುಗಳ ಎರಡನೆಯ ಮತ್ತು ಮೂರನೆಯ ಪೊರೆಗಳ ನಡುವಿನ ಕಿರಿದಾದ ಜಾಗದಲ್ಲಿ, ನುಂಗಿಸಿಕೊಂಡ ಕೆಂಪು ಪಾಚಿಯ ಕೋಶಕೇಂದ್ರ ಕುಗ್ಗಿಹೋಗಿ ನ್ಯೂಕ್ಲಿಯೋಮಾರ್ಫ್ ಎಂಬ ಹೆಸರಿನಲ್ಲಿ ಇನ್ನೂ ಉಳಿದುಕೊಂಡಿದೆ. ಗಿಲಾರ್ಡಿಯಾ ಥೀಟಾ ಎಂಬ ಪ್ರಭೇದದ ಈ ಶೇಷಕೇಂದ್ರದ ಡಿಎನ್‌ಎಯನ್ನು 2001ರಲ್ಲಿ ಪೂರ್ತಿಯಾಗಿ ಓದಲಾಯಿತು. ಅದರಲ್ಲಿ ಇರುವುದು ಮೂರು ಪುಟ್ಟ ಕ್ರೋಮೋಸೋಮುಗಳು, ಒಟ್ಟು ಸುಮಾರು 5.5 ಲಕ್ಷ ಅಕ್ಷರಗಳು. ಕ್ಲೋರರಾಕ್ನಿಯೋಫೈಟ್ ಎಂಬ ಇನ್ನೊಂದು ಗುಂಪಿನಲ್ಲೂ ಇಂಥದೇ ಶೇಷಕೇಂದ್ರವಿದೆ, ಆದರೆ ಅದು ಹಸಿರು ಪಾಚಿಯದ್ದು.

ಕೆಂಪು ಪಾಚಿಯ ವಂಶದಿಂದ ಬಂದ ಕ್ಲೋರೋಪ್ಲಾಸ್ಟ್ ಇರುವವುಗಳಲ್ಲಿ ಕಂದು ಪಾಚಿ, ಡಯಾಟಮ್, ಹಳದಿ-ಹಸಿರು ಪಾಚಿ, ಹೊಂಬಣ್ಣದ ಪಾಚಿಗಳು ಪರಸ್ಪರ ನಿಜವಾದ ಬಂಧುಗಳು. ಆಗಲೇ ಹೇಳಿದ ಒಂದು ರೋಮಯುಕ್ತ, ಒಂದು ನುಣುಪು ಕಶಾಂಗದ ಜೋಡಿ ಇವುಗಳ ಮನೆತನದ ಗುರುತು. ಕಂದು ಪಾಚಿಗಳು ಸುಮಾರು 2,000 ಪ್ರಭೇದಗಳ ಗುಂಪು, ಬಹುತೇಕ ಎಲ್ಲವೂ ಕಡಲಿನವು, ಒಂಟಿ ಕೋಶದ್ದು ಒಂದೂ ಇಲ್ಲ. ಡಯಾಟಮ್‌ಗಳದ್ದು ಅದಕ್ಕೆ ವಿರುದ್ಧ ಬದುಕು: ಒಂಟಿ ಕೋಶ, ಸುತ್ತ ಸಿಲಿಕಾದಿಂದಾದ ಗಾಜಿನಂಥ ಕವಚ. ಡಬ್ಬಿಯೂ ಅದರ ಮುಚ್ಚಳವೂ ಕೂಡಿಕೊಂಡಂತೆ ಕವಚಕ್ಕೆ ಎರಡು ಹೋಳುಗಳು. ಕೋಶ ಒಡೆದಾಗ ಪ್ರತಿ ಮರಿಯೂ ಒಂದು ಹಳೆಯ ಹೋಳನ್ನು ಮುಚ್ಚಳವಾಗಿ ಇಟ್ಟುಕೊಂಡು ಒಳಗಡೆ ಹೊಸ ಡಬ್ಬಿ ಕಟ್ಟಿಕೊಳ್ಳುವುದರಿಂದ ಒಂದು ಮರಿ ತಾಯಿಯಷ್ಟೇ ದೊಡ್ಡದು, ಇನ್ನೊಂದು ತುಸು ಚಿಕ್ಕದು. ತಲೆಮಾರುಗಳು ಕಳೆದಂತೆ ಚಿಕ್ಕದಾಗುತ್ತ ಹೋದ ಕೋಶ ಒಂದು ಮಿತಿ ಮುಟ್ಟಿದಾಗ ಕವಚವನ್ನೇ ಕಳಚಿ, ಲೈಂಗಿಕ ಸಂಯೋಗದ ಬಳಿಕ ಮತ್ತೆ ಪೂರ್ಣ ಗಾತ್ರಕ್ಕೆ ಬೆಳೆಯುತ್ತದೆ. ಭೂಮಿಯ ಮೇಲೆ ಬೆಳಕಿನಿಂದ ತಯಾರಾಗುವ ಒಟ್ಟು ಆಹಾರದಲ್ಲಿ ಸುಮಾರು ಐದನೇ ಒಂದು ಪಾಲು ಈ ಡಬ್ಬಿಗಳೊಳಗೇ ಆಗುತ್ತದೆಂದು ಅಂದಾಜು. ಇದೇ ಕಶಾಂಗದ ಗುರುತು ಇನ್ನೊಂದು ಕಡೆಗೂ ದಾರಿ ತೋರಿಸಿತು: 1845ರಿಂದ ಐರ್ಲೆಂಡಿನ ಆಲೂಗಡ್ಡೆಯನ್ನು ಕೊಳೆಯಿಸಿ ಕ್ಷಾಮ ತಂದ ಫೈಟೋಫ್ತೋರಾವನ್ನು ಬಹುಕಾಲ ಶಿಲೀಂಧ್ರವೆಂದೇ ಎಣಿಸಲಾಗಿತ್ತು, ಆದರೆ ಅದರ ಈಜುವ ಬೀಜಕಗಳಲ್ಲಿ ಇರುವುದೂ ಇದೇ ಜೋಡಿ. ಅದು ಕಂದು ಪಾಚಿಗಳ ದೂರದ ದಾಯಾದಿ.

ಡೈನೋಫ್ಲಾಜೆಲೇಟ್‌ಗಳ ಕತೆ ಇನ್ನೂ ಸಿಕ್ಕಾದದ್ದು. ಒಂದು ಕಶಾಂಗ ಸೊಂಟಪಟ್ಟಿಯಂತೆ ಮೈಯನ್ನು ಬಳಸಿದ ತೋಡಿನಲ್ಲಿ ಅಲೆಯಾಡುತ್ತ, ಇನ್ನೊಂದು ಹಿಂದಕ್ಕೆ ಚಾಚಿ, ಕೋಶ ತಿರುಗುತ್ತ ಮುಂದೆ ಸಾಗುತ್ತದೆ. ಇವುಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಕ್ಲೋರೋಪ್ಲಾಸ್ಟೇ ಇಲ್ಲ, ಬೇಟೆಯಾಡಿ ಬದುಕುತ್ತವೆ. ಇರುವವುಗಳಲ್ಲಿ ಹೆಚ್ಚಿನವಕ್ಕೆ ಮೂರು ಪೊರೆಗಳ ಕ್ಲೋರೋಪ್ಲಾಸ್ಟ್. ಕೆಲವು ಅದನ್ನು ಕಳೆದುಕೊಂಡು ಡಯಾಟಮ್ಮನ್ನೋ ಹ್ಯಾಪ್ಟೋಫೈಟ್ ಎಂಬ ಇನ್ನೊಂದು ಗುಂಪಿನ ಪಾಚಿಯನ್ನೋ ನುಂಗಿ ಹೊಸದಾಗಿ ಪಡೆದುಕೊಂಡಿವೆ. ಹವಳಗಳ ಮೈಯೊಳಗಿದ್ದು ಅವಕ್ಕೆ ಆಹಾರ ಕೊಡುವ ಪಾಚಿಗಳೂ ಕಡಲನ್ನು ಕೆಂಪಾಗಿಸಿ ವಿಷ ಸುರಿಸುವ ಪಾಚಿಗಳೂ ಈ ಗುಂಪಿನವೇ. ಮಲೇರಿಯಾ ತರುವ ಪ್ಲಾಸ್ಮೋಡಿಯಂ ಇವುಗಳ ಸಮೀಪದ ಬಂಧು. ಅದರ ಕೋಶದೊಳಗೆ ನಾಲ್ಕು ಪೊರೆಗಳ, ಬಣ್ಣವಿಲ್ಲದ ಒಂದು ಸಣ್ಣ ಅಂಗವಿದ್ದು, ಅದು ಕೆಂಪು ಪಾಚಿಯ ವಂಶದ ಕ್ಲೋರೋಪ್ಲಾಸ್ಟಿನ ಅವಶೇಷವೆಂದು 1990ರ ದಶಕದಲ್ಲಿ ಗೊತ್ತಾಯಿತು. ರಕ್ತದಲ್ಲಿ ಬದುಕುವ ಆ ಪರೋಪಜೀವಿಯ ಪೂರ್ವಜರು ಬಿಸಿಲು ಕಾಯುತ್ತಿದ್ದವು. ಬ್ಯಾಕ್ಟೀರಿಯಾಗಳಿಗೆಂದು ಇರುವ ಡಾಕ್ಸಿಸೈಕ್ಲಿನ್‌ನಂಥ ಔಷಧ ಮಲೇರಿಯಾಕ್ಕೂ ನಾಟುವುದು ಈ ಅವಶೇಷದ ದೆಸೆಯಿಂದ.

ಯೂಗ್ಲಿನಾದ ಪ್ರಶ್ನೆಗೆ ಈಗ ಉತ್ತರ ಕೊಡಬಹುದು. ಅದರ ಕ್ಲೋರೋಪ್ಲಾಸ್ಟಿಗೆ ಮೂರು ಪೊರೆಗಳು, ಅದು ಬಂದದ್ದು ಹಸಿರು ಪಾಚಿಯೊಂದನ್ನು ನುಂಗಿದ್ದರಿಂದ. ಕೋಶದ ಉಳಿದ ಭಾಗಕ್ಕೂ ಹಸಿರು ಪಾಚಿಗಳಿಗೂ ಹತ್ತಿರದ ನೆಂಟಸ್ತಿಕೆ ಇಲ್ಲ. ಅದರ ಬಂಧು ಆಫ್ರಿಕಾದ ನಿದ್ರಾರೋಗಕ್ಕೆ ಕಾರಣವಾದ ಟ್ರಿಪನೋಸೋಮಾ. ಆದ್ದರಿಂದ ಸಸ್ಯವಿಜ್ಞಾನಿಗಳು ಹೇಳಿದ್ದು ಕ್ಲೋರೋಪ್ಲಾಸ್ಟಿನ ಮಟ್ಟಿಗೆ ಸರಿ, ಪ್ರಾಣಿವಿಜ್ಞಾನಿಗಳು ಹೇಳಿದ್ದು ಕೋಶದ ಮಟ್ಟಿಗೆ ಸತ್ಯಕ್ಕೆ ಹತ್ತಿರ. ಇಂಥ ಪಾಚಿಗಳಿಗೆ ಒಂದಲ್ಲ, ಎರಡು ವಂಶವೃಕ್ಷಗಳಿರುತ್ತವೆ, ನುಂಗಿದವನದೊಂದು, ನುಂಗಿಸಿಕೊಂಡವನದೊಂದು. ಇಂದಿನ ವರ್ಗೀಕರಣ ಜೀವಿಯ ಸ್ಥಾನವನ್ನು ನುಂಗಿದವನ ವಂಶದಿಂದ ನಿರ್ಧರಿಸಿ, ಕ್ಲೋರೋಪ್ಲಾಸ್ಟಿನ ವಂಶವನ್ನು ಜೊತೆಗೆ ಹೇಳುತ್ತದೆ.

ನೀಲಿ-ಹಸಿರು ಪಾಚಿಗಳನ್ನು ಎಲ್ಲಿಡಬೇಕು ಎಂಬುದು ಇನ್ನೊಂದು ಹಳೆಯ ವ್ಯಾಜ್ಯ. ಅವುಗಳಲ್ಲಿ ಪೊರೆಯಿಂದ ಸುತ್ತುವರಿದ ಕೋಶಕೇಂದ್ರವಿಲ್ಲ, ಕ್ಲೋರೋಪ್ಲಾಸ್ಟೂ ಇಲ್ಲ. ರಚನೆಯಿಂದ ಅವು ಬ್ಯಾಕ್ಟೀರಿಯಾಗಳು, ಹೆಸರೂ ಈಗ ಸಯನೋಬ್ಯಾಕ್ಟೀರಿಯಾ. ಆದರೂ ಪಾಚಿವಿಜ್ಞಾನದ ಪುಸ್ತಕಗಳು ಅವುಗಳನ್ನು ಕೈಬಿಟ್ಟಿಲ್ಲ, ಬಿಡುವುದು ಸರಿಯೂ ಅಲ್ಲ ಎಂಬುದು ನನ್ನ ಅಭಿಪ್ರಾಯ. ಸುಮಾರು 240 ಕೋಟಿ ವರ್ಷಗಳ ಹಿಂದೆ ವಾಯುಮಂಡಲದಲ್ಲಿ ಆಮ್ಲಜನಕ ಶೇಖರವಾಗತೊಡಗಿದ್ದು ಇವುಗಳಿಂದ, ಎಲ್ಲ ಪಾಚಿಗಳ ಕ್ಲೋರೋಪ್ಲಾಸ್ಟ್ ಹುಟ್ಟಿದ್ದೂ ಇವುಗಳಿಂದ. ಇವುಗಳನ್ನು ಹೊರಗಿಟ್ಟರೆ ಉಳಿದ ಕತೆಗೆ ಮೊದಲ ಅಧ್ಯಾಯವೇ ಇಲ್ಲದಂತಾಗುತ್ತದೆ.

ನುಂಗುವ ಈ ಪ್ರಕ್ರಿಯೆ ಎಂದೋ ಮುಗಿದುಹೋದದ್ದೂ ಅಲ್ಲ. ಪಾಲಿನೆಲ್ಲಾ ಕ್ರೊಮಾಟೋಫೊರಾ ಎಂಬ ಅಮೀಬಾದಂಥ ಜೀವಿ, ಉಳಿದೆಲ್ಲ ಪಾಚಿಗಳಿಂದ ಸ್ವತಂತ್ರವಾಗಿ, ಸುಮಾರು 10 ಕೋಟಿ ವರ್ಷಗಳ ಹಿಂದೆಯಷ್ಟೇ ಬೇರೊಂದು ಸಯನೋಬ್ಯಾಕ್ಟೀರಿಯಾವನ್ನು ಒಳಗೆ ಸೇರಿಸಿಕೊಂಡಿದೆ. ಹ್ಯಾಪ್ಟೋಫೈಟ್ ಗುಂಪಿನ ಬ್ರಾರುಡೋಸ್ಫೇರಾ ಬಿಗೆಲೋವಿಯೈ ಎಂಬ ಕಡಲ ಪಾಚಿಯದ್ದು ಇನ್ನೂ ಹೊಸ ಸುದ್ದಿ. ಐದು ಬದಿಯ ಹನ್ನೆರಡು ಸುಣ್ಣದ ಫಲಕಗಳನ್ನು ಚೆಂಡಿನಂತೆ ಜೋಡಿಸಿಕೊಂಡಿರುವ ಈ ಪಾಚಿಯೊಳಗೆ, ಗಾಳಿಯ ಸಾರಜನಕವನ್ನು ಹಿಡಿದು ಬಳಕೆಗೆ ತರುವ ಒಂದು ಸಯನೋಬ್ಯಾಕ್ಟೀರಿಯಾ ವಾಸವಾಗಿದೆಯೆಂದು ಮೊದಲೇ ತಿಳಿದಿತ್ತು. ಅದು ಪಾಚಿಯ ಕೋಶದ ಜೊತೆ ಹೊತ್ತಿಗೆ ಸರಿಯಾಗಿ ಒಡೆಯುತ್ತದೆ, ತನಗೆ ಬೇಕಾದ ಅನೇಕ ಪ್ರೋಟೀನುಗಳನ್ನು ಪಾಚಿಯಿಂದಲೇ ಪಡೆಯುತ್ತದೆ ಎಂಬುದು ಸಿದ್ಧವಾದ ಮೇಲೆ, 2024ರಲ್ಲಿ ವಿಜ್ಞಾನಿಗಳು ಅದನ್ನು ಒಳಗೆ ನೆಲೆಸಿದ ಅತಿಥಿ ಎನ್ನುವುದನ್ನು ಬಿಟ್ಟು ಕೋಶದ ಅಂಗವೆಂದೇ ಪರಿಗಣಿಸಿ, ನೈಟ್ರೋಪ್ಲಾಸ್ಟ್ ಎಂದು ಹೆಸರಿಟ್ಟರು.